ಇಳಿವಯಸ್ಸಿನಲ್ಲಿ ನಿದ್ರೆ, ತೂಕ ಮತ್ತು ತ್ರಾಣ



ಕುಟುಂಬ ಕಲ್ಯಾಣವೆಂದೊಡನೆ ತಾಯಿ ಮತ್ತು ಮಗುವಿನ ಆರೋಗ್ಯ, ಹೆರಿಗೆಗಳ ನಡುವಣ ಅಂತರ, ಚುಚ್ಚುಮದ್ದು ಮೊದಲಾದುವು ನಿಮ್ಮ ನೆನಪಿಗೆ ಬರುವುದು ಸಹಜ. ಆದರೆ ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಇಷ್ಟೇ ಅಲ್ಲ. ನಿಮ್ಮನ್ನು ಸಾಕಿ ಸಲಹಿದ ಹಿರಿಯರೂ ಅದೇ ಸೂರಿನ ಕೆಳಗೆ ಇರುತ್ತಾರೆ. ಅವರ ಸುಖದುಃಖಗಳು ನಿಮ್ಮ ಸುಖದುಃಖಗಳೇ ಆಗಿರುತ್ತವೆ. ನೀವೂ ಒಂದು ದಿನ ಅವರ ವಯಸ್ಸನ್ನು ಮುಟ್ಟುವವರೇ. ಆದುದರಿಂದ ಈ ಪಾಠದಲ್ಲಿ ಮನೆಯ ಹಿರಿಯರ ನಿದ್ರೆ, ದೇಹದ ತೂಕ ಮತ್ತು ಮಾಂಸಖಂಡಗಳ ತ್ರಾಣ ಇವುಗಳ ವಿಷಯವನ್ನು ತಿಳಿದುಕೊಳ್ಳೋಣ. ಈ ಮೂರೂ ಬೇರೆಬೇರೆಯಾಗಿ ಕಂಡರೂ ಒಂದೇ ಹಗ್ಗದ ಮೂರು ಎಳೆಗಳಂತೆ ಹೆಣೆದುಕೊಂಡಿವೆ.

ಒಂದು ಮನೆಯ ಸಂಗತಿ

ಒಂದು ಮನೆಯನ್ನು ಭಾವಿಸಿಕೊಳ್ಳಿ. ಅತ್ತೆಗೆ 68 ವರ್ಷ. ನಿನ್ನೆಮೊನ್ನೆಯವರೆಗೂ ಹಟ್ಟಿ ಗುಡಿಸಿ, ಎಮ್ಮೆಗೆ ಮೇವು ಹಾಕಿ, ಹಿತ್ತಿಲಿನ ಗಿಡಗಳಿಗೆ ನೀರೆರೆಯುತ್ತಿದ್ದವರು. ಮಳೆಗಾಲದಲ್ಲಿ ಜ್ವರ ಬಂದಿತು. ಮಗ ಮತ್ತು ಸೊಸೆ ಅವರನ್ನು ಬಹಳ ಪ್ರೀತಿಯಿಂದ ನೋಡಿಕೊಂಡರು. ಹತ್ತು ದಿನಗಳ ಕಾಲ ಹಾಸಿಗೆಯಿಂದ ಏಳಗೊಡಲಿಲ್ಲ. ಗಂಜಿಯ ತಿಳಿಯನ್ನೇ ಕುಡಿಸಿದರು. ಜ್ವರವು ಬಿಟ್ಟಿತು. ಆದರೆ ಅತ್ತೆಗೆ ಗೋಡೆ ಹಿಡಿಯದೆ ಏಳಲು ಆಗಲಿಲ್ಲ. ಹಗಲೆಲ್ಲಾ ಮಲಗಿಯೇ ಇದ್ದುದರಿಂದ ರಾತ್ರಿ ನಿದ್ರೆ ಬಾರದಾಯಿತು. ಊಟ ಸೇರದಾಯಿತು. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

“ವಯಸ್ಸಾಯಿತು, ಏನು ಮಾಡುವುದು” ಎಂದು ನೆರೆಹೊರೆಯವರು ಹೇಳಿದರು. ಅದು ಪೂರ್ತಿ ನಿಜವಲ್ಲ. ವಯಸ್ಸು ಒಂದು ಕಾರಣವಾದರೂ, ಹತ್ತು ದಿನಗಳ ಹಾಸಿಗೆ, ಸಾರವಿಲ್ಲದ ಆಹಾರ, ಕೆಟ್ಟ ನಿದ್ರೆ ಮತ್ತು ದೀಪವಿಲ್ಲದ ದಾರಿ ಇವು ನಾಲ್ಕೂ ಸೇರಿ ಆ ತಾಯಿಯನ್ನು ನೆಲಕ್ಕೆ ಕೆಡವಿದುವು. ಈ ನಾಲ್ಕನ್ನೂ ತಡೆಯುವುದು ಮನೆಯವರ ಕೈಯಲ್ಲಿಯೇ ಇತ್ತು.

ಮಾಂಸಖಂಡವೆಂಬ ಹಗೇವು

ಹಿಂದಿನ ಕಾಲದಲ್ಲಿ ರೈತರು ಸುಗ್ಗಿಯ ಜೋಳ, ರಾಗಿಗಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಇಡುತ್ತಿದ್ದರು. ಬರಗಾಲ ಬಂದಾಗ ಅದನ್ನು ತೆರೆದು ಉಣ್ಣುತ್ತಿದ್ದರು. ನಮ್ಮ ದೇಹದಲ್ಲಿಯೂ ಅಂತಹ ಒಂದು ಹಗೇವು ಇದೆ. ಅದೇ ಮಾಂಸಖಂಡ. ನಡೆಯುವುದು, ಏಳುವುದು, ಭಾರ ಎತ್ತುವುದು ಇವೆಲ್ಲವೂ ಮಾಂಸಖಂಡಗಳ ಕೆಲಸವೆಂಬುದು ಎಲ್ಲರಿಗೂ ಗೊತ್ತು. ಆದರೆ ಅವು ಮಾಡುವ ಇನ್ನೆರಡು ಕೆಲಸಗಳು ಅನೇಕರಿಗೆ ತಿಳಿದಿಲ್ಲ. ಮೊದಲನೆಯದಾಗಿ, ಜ್ವರ ಅಥವಾ ಗಾಯವಾದಾಗ ದೇಹವು ತನ್ನ ದುರಸ್ತಿಗೆ ಬೇಕಾದ ಸಸಾರಜನಕವನ್ನು ಮಾಂಸಖಂಡಗಳನ್ನು ಕರಗಿಸಿ ಪಡೆಯುತ್ತದೆ. ಎರಡನೆಯದಾಗಿ, ಉಂಡ ಊಟದಿಂದ ರಕ್ತಕ್ಕೆ ಸೇರಿದ ಸಕ್ಕರೆಯ ಬಹುಪಾಲನ್ನು ಮಾಂಸಖಂಡಗಳೇ ಹೀರಿಕೊಳ್ಳುತ್ತವೆ. ಮಾಂಸಖಂಡಗಳು ಕುಗ್ಗಿದರೆ ಸಕ್ಕರೆ ಕಾಯಿಲೆಯು ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಸುಮಾರು ಮೂವತ್ತು, ನಲವತ್ತು ವರ್ಷಗಳ ಪ್ರಾಯದ ನಂತರ ಈ ಹಗೇವು ಮೆಲ್ಲಮೆಲ್ಲನೆ ಬರಿದಾಗತೊಡಗುತ್ತದೆ. ಪ್ರತಿ ಹತ್ತು ವರ್ಷಗಳಿಗೆ ನೂರಕ್ಕೆ ಮೂರರಿಂದ ಎಂಟು ಭಾಗದವರೆಗೆ ಮಾಂಸಖಂಡವು ಕಡಮೆಯಾಗುತ್ತದೆಂದು ಅಂದಾಜು. ಅರವತ್ತು ದಾಟಿದ ಮೇಲೆ ಈ ನಷ್ಟವು ಇನ್ನೂ ಬೇಗ ನಡೆಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಮೂಳೆಗಳೂ ಇದರೊಂದಿಗೆ ಸಡಿಲವಾಗುತ್ತವೆ. ಹೀಗೆ ವಯಸ್ಸಿನೊಡನೆ ಮಾಂಸಖಂಡವೂ ಅದರ ಶಕ್ತಿಯೂ ಮಿತಿಮೀರಿ ಕುಗ್ಗುವ ಸ್ಥಿತಿಗೆ ವೈದ್ಯರು ಸಾರ್ಕೋಪೀನಿಯಾ ಎಂದು ಹೆಸರಿಟ್ಟಿದ್ದಾರೆ. ಇದು ಗ್ರೀಕ್ ಭಾಷೆಯ ಎರಡು ಪದಗಳಿಂದಾದ ಹೆಸರು. ಮಾಂಸದ ಕೊರತೆ ಎಂದು ಅದರ ಅರ್ಥ.

ಕೆಲಸವಿಲ್ಲದೆ ಮಲಗಿದರೆ ಈ ನಷ್ಟವು ಎಷ್ಟು ಬೇಗ ಆಗುತ್ತದೆಂಬುದಕ್ಕೆ 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಸಾಕ್ಷಿಯಾಗಿದೆ. ಸುಮಾರು 67 ವರ್ಷ ಪ್ರಾಯದ ಆರೋಗ್ಯವಂತರನ್ನು 10 ದಿನಗಳ ಕಾಲ ಹಾಸಿಗೆಯಲ್ಲಿಯೇ ಇರಿಸಲಾಯಿತು. ಅಷ್ಟರಲ್ಲಿಯೇ ಅವರ ಕಾಲುಗಳಿಂದ ಹೆಚ್ಚುಕಡಮೆ ಒಂದು ಕಿಲೋಗ್ರಾಂ ಮಾಂಸಖಂಡವು ಕರಗಿತ್ತು. ಅವರಿಗೆ ಯಾವ ರೋಗವೂ ಇರಲಿಲ್ಲ ಎಂಬುದನ್ನು ಗಮನಿಸಿ. ಜ್ವರದಲ್ಲಿ ನರಳುವ, ಸರಿಯಾಗಿ ಉಣ್ಣದ ನಮ್ಮ ಹಿರಿಯರ ಪಾಡು ಇನ್ನೇನಾಗಬಹುದೆಂದು ನೀವೇ ಊಹಿಸಿಕೊಳ್ಳಿ.

ತಕ್ಕಡಿಯು ಹೇಳುವುದು, ಹೇಳದಿರುವುದು

ಹಿರಿಯರ ತೂಕವನ್ನು ತಿಂಗಳಿಗೊಮ್ಮೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುವುದು ಬಹಳ ಒಳ್ಳೆಯ ಅಭ್ಯಾಸ. ಪ್ರತಿ ಸಲವೂ ಅದೇ ತಕ್ಕಡಿಯಲ್ಲಿ, ಅಷ್ಟೇ ಬಟ್ಟೆಯಲ್ಲಿ ತೂಕ ನೋಡಬೇಕು. ಪ್ರಯತ್ನಪಡದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದು ಭಾಗದಷ್ಟು ತೂಕ ಇಳಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿಯಬೇಕು. 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆಂದರೆ ಅಷ್ಟಾಯಿತು. ಇದು ವಯಸ್ಸಿನ ಸಹಜ ಗುಣವಲ್ಲ. ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ದೋಷ, ಕ್ಯಾನ್ಸರ್, ಮನಸ್ಸಿನ ಖಿನ್ನತೆ, ಹಲ್ಲುಗಳ ತೊಂದರೆ ಇವುಗಳಲ್ಲಿ ಯಾವುದಾದರೂ ಒಂದು ಅದರ ಹಿಂದೆ ಅಡಗಿರಬಹುದು.

ಆದರೆ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ತೂಕವು ಇದ್ದಷ್ಟೇ ಇದ್ದರೂ ಒಳಗೆ ಮಾಂಸಖಂಡವು ಕರಗಿ, ಅದರ ಸ್ಥಾನದಲ್ಲಿ ಕೊಬ್ಬು ತುಂಬಿಕೊಂಡಿರಬಹುದು. ಇದನ್ನು ತಿಳಿಯಲು ಮನೆಯಲ್ಲಿಯೇ ಸುಲಭವಾದ ಗುರುತುಗಳಿವೆ. ಉಡುದಾರವು ಬಿಗಿಯಾಗುತ್ತಿದೆ, ಆದರೆ ಕೈಬಳೆಗಳು ಸಡಿಲವಾಗಿ ಮೊಣಕೈಯವರೆಗೂ ಸರಿಯುತ್ತವೆ. ಹೊಟ್ಟೆ ಮುಂದೆ ಬಂದಿದೆ, ಆದರೆ ತೊಡೆ ಮತ್ತು ಮೀನಖಂಡಗಳು ಕಡ್ಡಿಯಂತಾಗಿವೆ. ಇಂತಹವರನ್ನು ನೋಡಿ “ಮೈ ತುಂಬಿಕೊಂಡಿದ್ದಾರೆ, ಚೆನ್ನಾಗಿದ್ದಾರೆ” ಎಂದು ಸಮಾಧಾನಪಡಬಾರದು. ಕೊಬ್ಬು ಹೆಚ್ಚಾಗಿ ತ್ರಾಣ ಕಡಮೆಯಾದ ದೇಹಕ್ಕೆ ಎರಡೂ ಕಡೆಯಿಂದ ಕಷ್ಟ. ಹೊರಬೇಕಾದ ಭಾರವು ಹೆಚ್ಚು, ಹೊರುವ ಬಲವು ಕಡಮೆ.

ಸ್ಥೂಲಕಾಯದ ಹಿರಿಯರು ತೂಕ ಇಳಿಸಬೇಕೆಂದು ಊಟ ಬಿಟ್ಟು ಉಪವಾಸ ಮಾಡುವುದೂ ಸರಿಯಲ್ಲ. ವ್ಯಾಯಾಮವಿಲ್ಲದೆ ಬರಿಯ ಉಪವಾಸದಿಂದ ಇಳಿಯುವ ತೂಕದಲ್ಲಿ ಕೊಬ್ಬಿನೊಂದಿಗೆ ಮಾಂಸಖಂಡವೂ ಹೋಗುತ್ತದೆ. ತೂಕವನ್ನು ಇಳಿಸುವುದು ಅಗತ್ಯವೆಂದು ವೈದ್ಯರು ಹೇಳಿದಲ್ಲಿ, ಅದನ್ನು ನಿಧಾನವಾಗಿ, ವ್ಯಾಯಾಮದೊಡನೆ, ಸಸಾರಜನಕವನ್ನು ಕಡಮೆ ಮಾಡದೆ ಇಳಿಸತಕ್ಕದ್ದು.

ನಿದ್ರೆಯು ಮಾಡುವ ಕೆಲಸ

ನಿದ್ರೆಯೆಂದರೆ ದೇಹವು ಸುಮ್ಮನೆ ಬಿದ್ದಿರುವ ಹೊತ್ತೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಹಗಲು ಸವೆದುದನ್ನು ರಾತ್ರಿ ಸರಿಪಡಿಸುವ ಕೆಲಸವು ನಿದ್ರೆಯಲ್ಲಿ ನಡೆಯುತ್ತದೆ. ದೇಹದ ಬೆಳವಣಿಗೆಗೂ ದುರಸ್ತಿಗೂ ನೆರವಾಗುವ ಒಂದು ರಸವು ಗಾಢನಿದ್ರೆಯ ಹೊತ್ತಿನಲ್ಲಿಯೇ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ನಿದ್ರೆ ಕೆಟ್ಟರೆ ಮಾಂಸಖಂಡವನ್ನು ಕರಗಿಸುವ ರಸದ ಪ್ರಮಾಣವು ಏರುತ್ತದೆ. ಆಸ್ಟ್ರೇಲಿಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆರೋಗ್ಯವಂತ ತರುಣರು ಒಂದೇ ಒಂದು ರಾತ್ರಿ ನಿದ್ರೆಗೆಟ್ಟಾಗ ಅವರ ಮಾಂಸಖಂಡಗಳಲ್ಲಿ ಹೊಸ ಸಸಾರಜನಕವು ಕಟ್ಟಿಕೊಳ್ಳುವ ಕೆಲಸವು ನೂರಕ್ಕೆ 18 ಭಾಗದಷ್ಟು ಕುಗ್ಗಿತು.

ತೂಕಕ್ಕೂ ನಿದ್ರೆಗೂ ಇರುವ ಸಂಬಂಧವನ್ನು ಇನ್ನೊಂದು ಪರೀಕ್ಷೆಯು ತೋರಿಸಿಕೊಟ್ಟಿತು. 2010ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಪ್ರಕಟಿಸಿದರು. ತೂಕ ಹೆಚ್ಚಾಗಿದ್ದ 10 ಮಂದಿ ನಡುವಯಸ್ಕರಿಗೆ 14 ದಿನಗಳ ಕಾಲ ಮಿತವಾದ ಆಹಾರವನ್ನು ಕೊಟ್ಟು, ಒಂದು ಸಲ ರಾತ್ರಿ ಎಂಟೂವರೆ ಗಂಟೆ ಮಲಗಲು ಬಿಟ್ಟರು. ಮತ್ತೊಂದು ಸಲ ಐದೂವರೆ ಗಂಟೆ ಮಾತ್ರ ಬಿಟ್ಟರು. ಎರಡು ಸಲವೂ ಇಳಿದ ತೂಕವು ಹೆಚ್ಚುಕಡಮೆ ಒಂದೇ, ಸುಮಾರು 3 ಕಿಲೋ. ಆದರೆ ಇಳಿದದ್ದು ಏನು? ಚೆನ್ನಾಗಿ ಮಲಗಿದಾಗ 1.4 ಕಿಲೋ ಕೊಬ್ಬು ಕರಗಿತ್ತು. ನಿದ್ರೆ ಕಡಮೆಯಾದಾಗ ಕೊಬ್ಬು 0.6 ಕಿಲೋ ಮಾತ್ರ ಕರಗಿ, ಉಳಿದ ನಷ್ಟವೆಲ್ಲವೂ ಕೊಬ್ಬಲ್ಲದ ದೇಹಭಾಗದಿಂದ ಆಗಿತ್ತು. ಅದರಲ್ಲಿ ಮಾಂಸಖಂಡವೂ ಸೇರಿದೆ. ಹೀಗೆ ತಕ್ಕಡಿಯ ಮುಳ್ಳು ಒಂದೇ ಜಾಗದಲ್ಲಿ ನಿಂತರೂ ದೇಹದೊಳಗಿನ ಲೆಕ್ಕ ಬೇರೆಯಾಗುತ್ತದೆ. ಅಲ್ಲದೆ ನಿದ್ರೆಗೆಟ್ಟವರಿಗೆ ಹಸಿವೂ ತಿನ್ನುವ ಆಸೆಯೂ ಹೆಚ್ಚುತ್ತವೆ. ಸಿಹಿ ಮತ್ತು ಕರಿದ ತಿಂಡಿಗಳ ಕಡೆಗೆ ಮನಸ್ಸು ಓಡುತ್ತದೆ.

ಇನ್ನು ಈ ಸರಪಣಿಯನ್ನು ನೋಡಿ. ನಿದ್ರೆ ಕೆಟ್ಟರೆ ಹಗಲು ಆಯಾಸ. ಆಯಾಸವಾದರೆ ಓಡಾಟ ಕಡಮೆ. ಓಡಾಟ ಕಡಮೆಯಾದರೆ ಹಸಿವೂ ಕಡಮೆ, ಮಾಂಸಖಂಡವೂ ಕಡಮೆ. ಮೈಗೆ ದಣಿವಿಲ್ಲದ ಮೇಲೆ ರಾತ್ರಿ ಮತ್ತೆ ನಿದ್ರೆಯಿಲ್ಲ. ಇದೇ ಸರಪಣಿಯನ್ನು ಎಲ್ಲಿ ಕಡಿದರೂ ಪ್ರಯೋಜನವುಂಟು. ಹಗಲಿನ ಓಡಾಟವು ರಾತ್ರಿಯ ನಿದ್ರೆಯನ್ನು ತರುತ್ತದೆ. ರಾತ್ರಿಯ ನಿದ್ರೆಯು ಹಗಲಿನ ಓಡಾಟಕ್ಕೆ ತ್ರಾಣ ಕೊಡುತ್ತದೆ.

“ಮುದುಕರಿಗೆ ನಿದ್ರೆ ಬೇಕಾಗಿಲ್ಲ” ಎಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಅದು ಸರಿಯಲ್ಲ. 65 ದಾಟಿದವರಿಗೂ ಏಳರಿಂದ ಎಂಟು ಗಂಟೆಗಳ ನಿದ್ರೆ ಬೇಕು. ವಯಸ್ಸಾದಂತೆ ಗಾಢನಿದ್ರೆ ಕಡಮೆಯಾಗಿ, ಸಂಜೆ ಬೇಗನೆ ನಿದ್ರೆ ಹತ್ತಿ, ಬೆಳಗಿನ ಜಾವಕ್ಕೆ ಎಚ್ಚರವಾಗುವುದು ಸಹಜ. ನಡುವೆ ಒಂದೆರಡು ಸಲ ಎಚ್ಚರಗೊಳ್ಳುವುದೂ ಸಹಜ. ಅದಕ್ಕಾಗಿ ಹೆದರಬೇಕಾಗಿಲ್ಲ. ಆದರೆ ವಾರಕ್ಕೆ ಮೂರು ರಾತ್ರಿಗಳಾದರೂ ನಿದ್ರೆ ಬಾರದೆ ಹೊರಳಾಡಿ, ಹೀಗೆಯೇ ಮೂರು ತಿಂಗಳು ನಡೆದರೆ ಅದಕ್ಕೆ ಚಿಕಿತ್ಸೆ ಬೇಕು. ದಿನವೂ ಒಂಬತ್ತು ಗಂಟೆಗೂ ಮಿಕ್ಕಿ ಮಲಗಿಯೇ ಇರುವುದೂ ಒಳ್ಳೆಯ ಲಕ್ಷಣವಲ್ಲ. ಅದರ ಹಿಂದೆಯೂ ಕಾಯಿಲೆ ಅಡಗಿರಬಹುದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಏಷ್ಯಾದ ದೇಶಗಳ ತಜ್ಞರು 2019ರಲ್ಲಿ ಸಾರ್ಕೋಪೀನಿಯಾವನ್ನು ಗುರುತಿಸುವ ಕೆಲವು ಅಳತೆಗಳನ್ನು ತೀರ್ಮಾನಿಸಿದರು. ಅವುಗಳಲ್ಲಿ ಎರಡನ್ನು ನೀವು ಮನೆಯಲ್ಲಿಯೇ ನೋಡಬಹುದು.

ಮೊದಲನೆಯದು ಕುರ್ಚಿಯ ಪರೀಕ್ಷೆ. ಕೈಯಿಲ್ಲದ ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರನ್ನು ಕುಳ್ಳಿರಿಸಿ, ಎರಡು ಕೈಗಳನ್ನೂ ಎದೆಯ ಮೇಲೆ ಕಟ್ಟಿಕೊಳ್ಳಲು ಹೇಳಿ. ಆಮೇಲೆ ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಲಿ. ನೀವು ಪಕ್ಕದಲ್ಲಿಯೇ ನಿಂತು ಗಡಿಯಾರ ನೋಡಿ. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ, ಇಲ್ಲವೇ ಕೈಯೂರದೆ ಏಳಲಾಗದಿದ್ದರೆ, ಕಾಲಿನ ಬಲ ಕುಗ್ಗಿದೆ ಎಂದು ತಿಳಿಯಿರಿ.

ಎರಡನೆಯದು ಮೀನಖಂಡದ ಅಳತೆ. ದರ್ಜಿಯ ಟೇಪಿನಿಂದ ಮೊಣಕಾಲಿನ ಕೆಳಗೆ ಅತ್ಯಂತ ದಪ್ಪವಾದ ಭಾಗದ ಸುತ್ತಳತೆಯನ್ನು ನೋಡಿ. ಗಂಡಸರಲ್ಲಿ 34 ಸೆಂಟಿಮೀಟರಿಗಿಂತ, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಗಮನ ಕೊಡಬೇಕು. ಹುಟ್ಟಿನಿಂದಲೇ ತೆಳ್ಳಗಿರುವವರಲ್ಲಿ ಈ ಅಳತೆಯು ಮೊದಲಿನಿಂದಲೂ ಕಡಮೆಯಿರಬಹುದು. ಆದುದರಿಂದ ಒಂದು ಅಳತೆಯನ್ನು ಕಂಡು ಗಾಬರಿಯಾಗದೆ, ಆರು ತಿಂಗಳಿಗೊಮ್ಮೆ ಅಳೆದು ಅದು ಇಳಿಯುತ್ತಿದೆಯೇ ಎಂಬುದನ್ನು ನೋಡಿ. ಕಾಲು ಊದಿಕೊಂಡಿದ್ದರೆ ಈ ಅಳತೆಯನ್ನು ನಂಬಬಾರದು.

ಊಟದಲ್ಲಿ ಗಮನಿಸಬೇಕಾದುದು

“ವಯಸ್ಸಾದವರಿಗೆ ಹೆಚ್ಚಿಗೆ ಏಕೆ? ಒಂದು ಹಿಡಿ ಅನ್ನ ಸಾಕು” ಎನ್ನುವುದು ಇನ್ನೊಂದು ತಪ್ಪು ತಿಳುವಳಿಕೆ. ಅನ್ನ, ಮುದ್ದೆ ಸ್ವಲ್ಪ ಕಡಮೆಯಾದರೂ ಆಗಬಹುದು. ಆದರೆ ಪ್ರೋಟೀನ್ ಎಂದು ಕರೆಯುವ ಸಸಾರಜನಕವು ಇಳಿವಯಸ್ಸಿನಲ್ಲಿ ಹೆಚ್ಚೇ ಬೇಕು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1 ರಿಂದ 1.2 ಗ್ರಾಂ ಸಸಾರಜನಕವು ಹಿರಿಯರಿಗೆ ಬೇಕೆಂದು ತಜ್ಞರ ಅಭಿಪ್ರಾಯ. ಅಂದರೆ 50 ಕಿಲೋ ತೂಗುವವರಿಗೆ 50 ರಿಂದ 60 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಈ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು.

ಇಷ್ಟನ್ನು ಪಡೆಯಲು ಪೇಟೆಯ ಡಬ್ಬಿಯ ಪುಡಿಗಳು ಬೇಕಾಗಿಲ್ಲ. ನಮ್ಮ ಹೊಲದಲ್ಲಿಯೇ ಬೆಳೆಯುವ ಕಾಳುಗಳಿವೆ. 100 ಗ್ರಾಂ ತೊಗರಿಬೇಳೆಯಲ್ಲಾಗಲಿ ಹುರುಳಿಯಲ್ಲಾಗಲಿ ಸುಮಾರು 22 ಗ್ರಾಂ, ನೆಲಗಡಲೆಯಲ್ಲಿ ಸುಮಾರು 25 ಗ್ರಾಂ, ರಾಗಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕವಿರುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ, ಅಂದರೆ 200 ಮಿಲಿಲೀಟರ್, ಹಾಲಿನಲ್ಲಿ 6 ಗ್ರಾಮಿಗೆ ಸ್ವಲ್ಪ ಹೆಚ್ಚು ಇರುತ್ತದೆ. ದಿನಕ್ಕೆ 200 ಗ್ರಾಂ ರಾಗಿಹಿಟ್ಟು, 100 ಗ್ರಾಂ ಅಕ್ಕಿ, 60 ಗ್ರಾಂ ಬೇಳೆಕಾಳು, ಎರಡು ಲೋಟ ಹಾಲು ಅಥವಾ ಮೊಸರು, ಒಂದು ಮೊಟ್ಟೆ ಇಲ್ಲವೇ ಒಂದು ಸಣ್ಣ ಹಿಡಿ ನೆಲಗಡಲೆ ಇಷ್ಟು ಸೇರಿದರೆ 50 ಗ್ರಾಂ ದಾಟುತ್ತದೆ. ರಾಗಿಯಿಂದ ಮೂಳೆಗೆ ಬೇಕಾದ ಸುಣ್ಣದ ಅಂಶವೂ ಧಾರಾಳವಾಗಿ ದೊರೆಯುತ್ತದೆ.

ಆದರೆ ಅಡಿಗೆಮನೆಯಲ್ಲಿ ಒಂದು ಸೂಕ್ಷ್ಮವಿದೆ. ಹಲ್ಲಿಲ್ಲದ ಹಿರಿಯರು ಮುದ್ದೆಯನ್ನು ಬಸ್ಸಾರಿನ ನೀರಿನೊಡನೆ ನುಂಗಿ ಏಳುತ್ತಾರೆ. ಬಸಿದ ಕಾಳುಗಳೆಲ್ಲವೂ ಪಲ್ಯದಲ್ಲಿ ಉಳಿದು ಮಕ್ಕಳ ತಟ್ಟೆಗೆ ಹೋಗುತ್ತವೆ. ಹೀಗೆ ತಟ್ಟೆ ತುಂಬಿದರೂ ಮಾಂಸಖಂಡಕ್ಕೆ ಬೇಕಾದುದು ಹೊಟ್ಟೆಗೆ ಸೇರುವುದಿಲ್ಲ. ಕಾಳನ್ನು ನುಣ್ಣಗೆ ಅರೆದು ಅಥವಾ ಮಸೆದು ಸಾರಿಗೆ ಸೇರಿಸಿ ಬಡಿಸಿ. ಜೋಳದ ರೊಟ್ಟಿಯ ಕಡೆಯವರು ರೊಟ್ಟಿಯನ್ನು ಹಾಲಿನಲ್ಲಿಯೋ ಗಟ್ಟಿ ಬೇಳೆಯಲ್ಲಿಯೋ ನೆನೆಸಿ, ಜುಣಕ ಮತ್ತು ಶೇಂಗಾ ಪುಡಿಯೊಡನೆ ಕೊಡಬಹುದು. ಗಂಜಿ ಉಣ್ಣುವ ಕರಾವಳಿಯವರು ಅದರೊಡನೆ ಮೀನು ಅಥವಾ ಬೇಯಿಸಿ ಮಸೆದ ಹುರುಳಿಯನ್ನು ತಪ್ಪದೆ ಸೇರಿಸಬೇಕು.

ಸಸಾರಜನಕವನ್ನು ಒಂದೇ ಹೊತ್ತಿಗೆ ಕೊಡದೆ ಮೂರು ಹೊತ್ತಿಗೂ ಹಂಚಿ ಕೊಡುವುದು ಮೇಲು. ಅನೇಕ ಮನೆಗಳಲ್ಲಿ ಹಿರಿಯರ ಬೆಳಗಿನ ಆಹಾರವೆಂದರೆ ಒಂದು ಲೋಟ ಟೀ ಮತ್ತು ಎರಡು ಬಿಸ್ಕತ್ತು ಮಾತ್ರ. ಅದರ ಬದಲು ಹಾಲು ಹಾಕಿದ ರಾಗಿ ಅಂಬಲಿ, ಹೆಸರುಬೇಳೆಯ ಪೊಂಗಲ್ ಅಥವಾ ಇಡ್ಲಿ ಸಾಂಬಾರು ಕೊಟ್ಟರೆ ದಿನದ ಆರಂಭವೇ ಗಟ್ಟಿಯಾಗುತ್ತದೆ. ಜ್ವರ ಬಂದಾಗ ಗಂಜಿಯ ತಿಳಿಯೊಂದನ್ನೇ ಕೊಡುವುದು ಸರಿಯಲ್ಲ. ಹಗೇವು ಬೇಗನೆ ಬರಿದಾಗುವುದು ಆಗಲೇ. ಬೇಳೆಯ ಕಟ್ಟಿಗೆ ಬದಲಾಗಿ ಮಸೆದ ಬೇಳೆ, ಹಾಲು, ಮೊಸರನ್ನ, ಬೇಯಿಸಿದ ಮೊಟ್ಟೆ ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ.

ಮಾಂಸಖಂಡಕ್ಕೆ ಕೆಲಸ

ಊಟವೊಂದರಿಂದಲೇ ಮಾಂಸಖಂಡವು ಬೆಳೆಯುವುದಿಲ್ಲ. ದುಡಿಸಿದರೆ ಮಾತ್ರ ಅದು ಉಳಿಯುತ್ತದೆ. ಇದಕ್ಕೆ ವಯಸ್ಸು ಮೀರಿತು ಎಂಬುದಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಸುಮಾರು 90 ವರ್ಷ ಪ್ರಾಯದ ಹತ್ತು ಮಂದಿ ದುರ್ಬಲ ಹಿರಿಯರಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ 8 ವಾರಗಳ ಕಾಲ ಕಾಲಿನಿಂದ ಭಾರ ಎತ್ತುವ ವ್ಯಾಯಾಮವನ್ನು ಮಾಡಿಸಲಾಯಿತು. ವ್ಯಾಯಾಮವನ್ನು ಪೂರೈಸಿದವರ ಕಾಲಿನ ಬಲವು ಮೊದಲಿಗಿಂತ ಎರಡೂವರೆ ಪಾಲಿಗೂ ಮಿಕ್ಕಿ ಹೆಚ್ಚಿತು. ತೊಂಬತ್ತರಲ್ಲಿ ಸಾಧ್ಯವಾದದ್ದು ಅರವತ್ತೈದರಲ್ಲಿ ಸಾಧ್ಯವಾಗದೆ?

“ನಾವು ಹೊಲದಲ್ಲಿ ದುಡಿಯುವವರು, ನಮಗೇಕೆ ವ್ಯಾಯಾಮ?” ಎಂದು ನೀವು ಕೇಳಬಹುದು. ಒಪ್ಪತಕ್ಕ ಪ್ರಶ್ನೆಯೇ. ಆದರೆ ಈಗ ಉಳುಮೆಗೆ ಟ್ರಾಕ್ಟರು ಬಂದಿದೆ, ನೀರು ನಲ್ಲಿಯಲ್ಲಿ ಬರುತ್ತದೆ, ರುಬ್ಬುವ ಕೆಲಸವನ್ನು ಮಿಕ್ಸಿ ಮಾಡುತ್ತದೆ, ಸಂತೆಗೆ ಬೈಕಿನಲ್ಲಿ ಹೋಗುತ್ತೇವೆ. ಜೀವಮಾನವೆಲ್ಲಾ ದುಡಿದ ಹಿರಿಯರು ಒಮ್ಮೆಲೇ ಜಗಲಿಯ ಮೇಲೆ ಕುಳಿತುಬಿಟ್ಟರೆ ಅವರ ಮೈಕಟ್ಟು ಬೇಗನೆ ಸಡಿಲವಾಗುತ್ತದೆ. “ನೀವು ಕುಳಿತಿರಿ, ನಾನು ಮಾಡುತ್ತೇನೆ” ಎಂದು ಎಲ್ಲ ಕೆಲಸವನ್ನೂ ಕಸಿದುಕೊಳ್ಳುವ ಪ್ರೀತಿಯು ಅವರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಕೈಲಾಗುವ ಕೆಲಸವನ್ನು ಅವರಿಗೆ ಬಿಡಿ.

ಇದಲ್ಲದೆ ವಾರಕ್ಕೆ ಎರಡು ಮೂರು ದಿನ ಈ ಕೆಳಗಿನ ಸುಲಭ ವ್ಯಾಯಾಮಗಳನ್ನು ಮಾಡಿಸಿ.

1. ಕುರ್ಚಿಯಿಂದ ನಿಧಾನವಾಗಿ ಎದ್ದು ಕುಳಿತುಕೊಳ್ಳುವುದು, 8 ರಿಂದ 10 ಸಲ. ಮೊದಮೊದಲು ಕೈಯೂರಿ ಎದ್ದರೂ ಚಿಂತೆಯಿಲ್ಲ.

2. ಗೋಡೆಗೆ ಅಂಗೈಗಳನ್ನು ಊರಿ, ಮೊಣಕೈ ಮಡಚಿ ಗೋಡೆಯತ್ತ ಬಾಗಿ, ಮತ್ತೆ ಹಿಂದಕ್ಕೆ ತಳ್ಳುವುದು, 8 ರಿಂದ 10 ಸಲ.

3. ಕಂಬವನ್ನೋ ಕಿಟಕಿಯ ಸರಳನ್ನೋ ಹಿಡಿದು ಹಿಮ್ಮಡಿಗಳನ್ನು ಎತ್ತಿ ಬೆರಳುಗಳ ಮೇಲೆ ನಿಲ್ಲುವುದು, 10 ಸಲ.

4. ನೀರು ತುಂಬಿದ ಒಂದು ಲೀಟರಿನ ಬಾಟಲಿಯನ್ನು ಹಿಡಿದು ಕೈಯನ್ನು ಮಡಚಿ ಬಿಡಿಸುವುದು, ಪ್ರತಿ ಕೈಗೆ 10 ಸಲ. ಬಾಟಲಿಯ ತೂಕ ಸುಮಾರು ಒಂದು ಕಿಲೋ ಆಗುತ್ತದೆ.

5. ಕಂಬವನ್ನು ಹಿಡಿದು ಒಂದೊಂದೇ ಕಾಲಿನ ಮೇಲೆ 10 ಎಣಿಸುವವರೆಗೆ ನಿಲ್ಲುವುದು. ಇದರಿಂದ ಬೀಳುವ ಭಯವು ಕಡಮೆಯಾಗುತ್ತದೆ.

ಜೊತೆಗೆ ದಿನವೂ ಬೆಳಿಗ್ಗೆ ಅರ್ಧ ಗಂಟೆ ನಡೆಯಲಿ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಲಿ. ಬೆಳಗಿನ ಬಿಸಿಲು ಮೈಗೆ ತಾಗುವುದರಿಂದ ರಾತ್ರಿಯ ನಿದ್ರೆಗೂ ಸಹಾಯವಾಗುತ್ತದೆ. ಎದೆನೋವು, ತಲೆಸುತ್ತು, ವಿಪರೀತ ಉಬ್ಬಸ ಕಂಡರೆ ಕೂಡಲೇ ನಿಲ್ಲಿಸಬೇಕು. ಹೃದ್ರೋಗ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ ಆರಂಭಿಸತಕ್ಕದ್ದು.

ಒಳ್ಳೆಯ ನಿದ್ರೆಗೆ ಅನುಕೂಲಗಳು

ಹಳ್ಳಿಯ ಮನೆಗಳಲ್ಲಿ ಹಿರಿಯರ ಹಾಸಿಗೆಯು ಸಾಮಾನ್ಯವಾಗಿ ನಡುಮನೆಯಲ್ಲಿಯೇ ಇರುತ್ತದೆ. ಟೆಲಿವಿಷನ್ ಕೂಡ ಅಲ್ಲಿಯೇ ಇರುತ್ತದೆ. ಮನೆಮಂದಿ ಹನ್ನೊಂದರವರೆಗೆ ಧಾರಾವಾಹಿ ನೋಡುತ್ತಾರೆ. ಬೆಳಗಿನ ನಾಲ್ಕಕ್ಕೆ ಹಿರಿಯರು ತಾವಾಗಿಯೇ ಏಳುತ್ತಾರೆ. ನಡುವೆ ಉಳಿದದ್ದು ಐದು ಗಂಟೆ ಮಾತ್ರ. ಅವರ ಹಾಸಿಗೆಯನ್ನು ಬೇರೆ ಮೂಲೆಗೆ ಸರಿಸಿ, ಇಲ್ಲವೇ ಒಂಬತ್ತು ಗಂಟೆಗೆ ಟೆಲಿವಿಷನ್ ನಿಲ್ಲಿಸಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಮಲಗುವ ಮುನ್ನ ತಂಬಾಕು, ಬೀಡಿ ಬೇಡ. ಮದ್ಯವು ನಿದ್ರೆ ತರುತ್ತದೆಂಬುದು ಭ್ರಮೆ. ಅದು ಮೊದಲು ಮಂಪರು ತಂದು ಆಮೇಲೆ ನಿದ್ರೆಯನ್ನು ಕೆಡಿಸುತ್ತದೆ. ರಾತ್ರಿಯ ಊಟವು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ಹಗಲಿನ ನಿದ್ರೆಯು ಮೂರು ಗಂಟೆಯೊಳಗೆ, ಅರ್ಧ ಗಂಟೆಗೆ ಮೀರದಂತೆ ಇರಲಿ. ಏಳುವ ಹೊತ್ತು ಪ್ರತಿದಿನವೂ ಒಂದೇ ಆಗಿರಲಿ.

ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆಂದು ಕೆಲವರು ಹಗಲೆಲ್ಲಾ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ಅಪಾಯ. ಹಗಲು ಚೆನ್ನಾಗಿ ಕುಡಿದು, ಮಲಗುವುದಕ್ಕೆ ಎರಡು ಗಂಟೆ ಮೊದಲು ಕಡಮೆ ಮಾಡಲಿ. ಬಚ್ಚಲಿನ ದಾರಿಯಲ್ಲಿ ಒಂದು ಸಣ್ಣ ದೀಪವಿರಲಿ. ದಾರಿಯಲ್ಲಿ ಒರಳುಕಲ್ಲು, ಬಿಂದಿಗೆ, ಮಡಚಿದ ಚಾಪೆ ಇರಬಾರದು. ಗೋಡೆಗೆ ಒಂದು ಹಿಡಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಔಷಧಿ ಅಂಗಡಿಯಿಂದ ತಾವಾಗಿಯೇ ನಿದ್ರೆಯ ಮಾತ್ರೆಗಳನ್ನು ತಂದು ಕೊಡಬಾರದು. ಅವುಗಳಿಂದ ಹಿರಿಯರಿಗೆ ತಲೆ ಮಂಕಾಗಿ, ರಾತ್ರಿ ಎದ್ದಾಗ ಬೀಳುವ ಸಂಭವ ಹೆಚ್ಚುತ್ತದೆ.

ಯಾವಾಗ ವೈದ್ಯರ ಬಳಿಗೆ?

ತೂಕವು ಮೇಲೆ ಹೇಳಿದಷ್ಟು ಇಳಿದಾಗ. ವರ್ಷದಲ್ಲಿ ಒಂದು ಸಲ ಬಿದ್ದಾಗಲೂ, ಪೆಟ್ಟಾಗದಿದ್ದರೂ ಸರಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಂತಂತಾಗಿ, ಹಗಲು ಕುಳಿತಲ್ಲಿಯೇ ತೂಕಡಿಸುವಾಗ. ಇದು ಉಸಿರುಕಟ್ಟುವ ನಿದ್ರಾರೋಗವಾಗಿದ್ದು ರಕ್ತದೊತ್ತಡವನ್ನೂ ಹೆಚ್ಚಿಸುತ್ತದೆ. ಎರಡು ವಾರ ಮೀರಿದ ಕೆಮ್ಮು, ನುಂಗಲು ಕಷ್ಟ, ರಾತ್ರಿ ಹಲವು ಸಲ ಮೂತ್ರ, ಯಾವುದರಲ್ಲಿಯೂ ಆಸಕ್ತಿಯಿಲ್ಲದ ಮೌನ ಇವುಗಳನ್ನು ಕಂಡಾಗಲೂ ತಡಮಾಡಬಾರದು. ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಕ, ರಕ್ತದೊತ್ತಡ, ರಕ್ತದ ಸಕ್ಕರೆ ಇವುಗಳನ್ನು ಪರೀಕ್ಷಿಸುತ್ತಾರೆ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ಪಾಲನೆಯ ರಾಷ್ಟ್ರೀಯ ಕಾರ್ಯಕ್ರಮದ ಅನ್ವಯ ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರ ಚಿಕಿತ್ಸೆಗೆ ಏರ್ಪಾಡುಗಳಿವೆ. ಹಿರಿಯ ನಾಗರಿಕರ ಉಚಿತ ಸಹಾಯವಾಣಿಯ ಸಂಖ್ಯೆ 14567. ಮನಸ್ಸಿನ ಕಷ್ಟಗಳಿಗೆ 14416 ಸಂಖ್ಯೆಗೆ ಕರೆ ಮಾಡಬಹುದು.

ದಂಪತಿಗಳ ಹೊಣೆ

ಹಿರಿಯರ ಆರೈಕೆಯು ಸೊಸೆಯೊಬ್ಬಳ ಕೆಲಸವೆಂದು ಭಾವಿಸುವುದು ನ್ಯಾಯವಲ್ಲ. ಅಡಿಗೆಯನ್ನು ಹೆಂಡತಿ ನೋಡಿಕೊಂಡರೆ, ವ್ಯಾಯಾಮ ಮಾಡಿಸುವುದು, ತೂಕ ಬರೆದಿಡುವುದು, ಆಸ್ಪತ್ರೆಗೆ ಕರೆದೊಯ್ಯುವುದು ಇವುಗಳನ್ನು ಗಂಡನು ವಹಿಸಿಕೊಳ್ಳಬೇಕು. ಹೇಳುವ ರೀತಿಯೂ ಮುಖ್ಯ. “ವ್ಯಾಯಾಮ ಮಾಡಿ” ಎಂದು ಆಜ್ಞೆ ಮಾಡುವುದಕ್ಕಿಂತ “ಅಪ್ಪಾ, ಗದ್ದೆಯ ಕಡೆ ಹೋಗಿ ಬರೋಣ ಬನ್ನಿ, ಪೈರು ಹೇಗಿದೆ ನೋಡಿ ಹೇಳಿ” ಎಂದರೆ ಅವರ ಮನಸ್ಸೂ ಅರಳುತ್ತದೆ, ಕಾಲೂ ಆಡುತ್ತದೆ.

ನಿಮ್ಮ ವಿಷಯವನ್ನೂ ಮರೆಯಬೇಡಿ. ಮನೆಮಂದಿಗೆಲ್ಲಾ ಬಡಿಸಿ ಕೊನೆಗೆ ತಳದಲ್ಲಿ ಉಳಿದುದನ್ನು ಉಣ್ಣುವ ಗೃಹಿಣಿಗೆ ಕಾಳು ಸಿಗುವುದು ಅಪರೂಪ. ನಲವತ್ತರಲ್ಲಿ ತುಂಬದ ಹಗೇವು ಎಪ್ಪತ್ತರಲ್ಲಿ ತುಂಬಿರುವುದಿಲ್ಲ. ಗಂಡಹೆಂಡಿರು ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿಯನ್ನು ಮಾಡಿಕೊಳ್ಳಿ. ರಾತ್ರಿ ಪಂಪ್‌ಸೆಟ್ಟಿಗೆ ವಿದ್ಯುತ್ ಬರುವ ಕಡೆಗಳಲ್ಲಿ ನೀರು ಕಟ್ಟಲು ಹೋಗುವ ಗಂಡನಿಗೂ ನಿದ್ರೆ ಕೆಡುತ್ತದೆ. ನೆರೆಯ ರೈತರೊಡನೆ ಸರದಿ ಮಾಡಿಕೊಂಡರೆ ವಾರದಲ್ಲಿ ಕೆಲವು ರಾತ್ರಿಗಳಾದರೂ ಪೂರ್ತಿ ನಿದ್ರೆ ದೊರೆಯುತ್ತದೆ.

ಇನ್ನು ಮೊದಲು ಹೇಳಿದ ಆ ಮನೆಯನ್ನು ಮತ್ತೆ ನೆನೆಯಿರಿ. ಜ್ವರ ಸ್ವಲ್ಪ ಇಳಿದ ದಿನವೇ ಅತ್ತೆಯನ್ನು ಹಾಸಿಗೆಯ ಅಂಚಿನಲ್ಲಿ ಕುಳ್ಳಿರಿಸಿ, ಮರುದಿನ ಕೈಹಿಡಿದು ಅಂಗಳದವರೆಗೆ ನಡೆಸಿ, ಮಸೆದ ಬೇಳೆಯನ್ನೂ ಹಾಲನ್ನೂ ಕೊಟ್ಟು, ಹಗಲು ಎಚ್ಚರವಾಗಿಟ್ಟು, ಬಚ್ಚಲಿನ ದಾರಿಗೆ ದೀಪ ಹಚ್ಚಿದ್ದರೆ, ಅವರು ಬಹುಶಃ ಮುಂದಿನ ತಿಂಗಳು ಮತ್ತೆ ಎಮ್ಮೆಗೆ ಮೇವು ಹಾಕುತ್ತಿದ್ದರು. ಪ್ರೀತಿಗೆ ತಿಳುವಳಿಕೆಯೂ ಸೇರಿದಾಗಲೇ ಆರೈಕೆಯು ಪೂರ್ಣವಾಗುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ತೂಕದ ಜೊತೆಗೆ ತ್ರಾಣವನ್ನೂ ನೋಡಿರಿ.

2. ಕಾರಣವಿಲ್ಲದೆ ತೂಕ ಇಳಿದರೆ ಅದು ವಯಸ್ಸಲ್ಲ, ಕಾಯಿಲೆಯ ಸೂಚನೆ.

3. ಮೂರು ಹೊತ್ತೂ ತಟ್ಟೆಯಲ್ಲಿ ಕಾಳು, ಬೇಳೆ, ಹಾಲು, ಮೊಟ್ಟೆ ಇವುಗಳಲ್ಲಿ ಒಂದಾದರೂ ಇರಲಿ.

4. ಹಿರಿಯರಿಗೂ ಏಳೆಂಟು ಗಂಟೆಗಳ ನಿದ್ರೆ ಬೇಕು.

5. ಅನಗತ್ಯವಾಗಿ ಹಾಸಿಗೆ ಹಿಡಿಸಬೇಡಿ. ಆದಷ್ಟು ಬೇಗ ಎಬ್ಬಿಸಿ ನಡೆಸಿರಿ.

6. ವೈದ್ಯರು ಹೇಳದೆ ನಿದ್ರೆಯ ಮಾತ್ರೆ ಬೇಡ.

ಮನೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಿಮ್ಮ ಮನೆಯ ಹಿರಿಯರು ನಿನ್ನೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಏನೇನು ಉಂಡರು? ಅದರಲ್ಲಿ ಕಾಳು ಎಷ್ಟಿತ್ತು?

2. ಅವರು ಕೈಯೂರದೆ ಐದು ಸಲ ಎದ್ದು ಕುಳಿತುಕೊಳ್ಳಬಲ್ಲರೆ? ನೀವು?

3. ಅವರ ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯನ್ನು ಈ ರಾತ್ರಿ ದೀಪವಿಲ್ಲದೆ ಒಮ್ಮೆ ನಡೆದು ನೋಡಿ. ಏನೇನು ಕಾಲಿಗೆ ಎಡವಿತು?

4. ಹಿರಿಯರ ಆರೈಕೆಯಲ್ಲಿ ಗಂಡನ ಪಾಲು ಯಾವುದು, ಹೆಂಡತಿಯ ಪಾಲು ಯಾವುದು ಎಂದು ಇಬ್ಬರೂ ಕುಳಿತು ಗೊತ್ತುಮಾಡಿಕೊಳ್ಳಿರಿ.